ಮುಗಿಯಲೊಲ್ಲದ ಉರಿಯೂತ

ಸಂಬಂಧವಿಲ್ಲದ ಒಂದು ಹಂದಿಯ ಚರ್ಮವನ್ನೋ ಮೂತ್ರಪಿಂಡವನ್ನೋ ಇನ್ನೊಂದು ಹಂದಿಗೆ ಕಸಿ ಮಾಡಿದರೆ ಅದು ಹೆಚ್ಚು ದಿನ ಉಳಿಯುವುದಿಲ್ಲ. ಹೊಸ ಒಡಲಿನ ರೋಗನಿರೋಧಕ ಕೋಶಗಳು ಅದನ್ನು ಪರಕೀಯವೆಂದು ಗುರುತಿಸಿ ಹಾಳುಗೆಡವುತ್ತವೆ. ಕೇಂಬ್ರಿಡ್ಜ್‌ನ ಶಸ್ತ್ರವೈದ್ಯ ರಾಯ್ ಕಾನ್ ಮತ್ತು ಅವರ ಸಂಗಡಿಗರು 1960ರ ದಶಕದ ಕೊನೆಯಲ್ಲಿ ಹಂದಿಗಳಿಗೆ ಯಕೃತ್ತನ್ನು ಕಸಿ ಮಾಡಿ ನೋಡಿದಾಗ ಹಾಗಾಗಲಿಲ್ಲ. ನಿರೋಧಕ ಶಕ್ತಿಯನ್ನು ಅಡಗಿಸುವ ಯಾವ ಔಷಧ ಕೊಡದಿದ್ದರೂ ಹಲವು ಹಂದಿಗಳು ಬೇರೆಯ ಯಕೃತ್ತನ್ನು ಇಟ್ಟುಕೊಂಡು ಬಹುಕಾಲ ಬದುಕಿದವು. ಇನ್ನೂ ಅಚ್ಚರಿಯೆಂದರೆ, ಯಕೃತ್ತು ಕೊಟ್ಟ ಅದೇ ಹಂದಿಯ ಚರ್ಮವನ್ನೂ ಮೂತ್ರಪಿಂಡವನ್ನೂ ಅವುಗಳ ದೇಹ ಹೆಚ್ಚು ಕಾಲ ಸಹಿಸಿಕೊಂಡಿತು. ಯಕೃತ್ತು ತಾನು ಉಳಿದುಕೊಂಡದ್ದಲ್ಲದೆ ತನ್ನ ಕಡೆಯವರಿಗೂ ಜಾಗ ಮಾಡಿಕೊಟ್ಟಿತ್ತು. 1969ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಮನುಷ್ಯರ ವಿಷಯದಲ್ಲಿ ಇಷ್ಟು ಸಲೀಸಿಲ್ಲ. ಯಕೃತ್ತಿನ ಕಸಿ ಮಾಡಿಸಿಕೊಂಡವರು ಸಾಮಾನ್ಯವಾಗಿ ನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಗಳನ್ನು ನುಂಗಲೇಬೇಕು. ಆದರೂ ಮೂತ್ರಪಿಂಡದ ಕಸಿಗೆ ನೋಡುವಷ್ಟು ಕಟ್ಟುನಿಟ್ಟಾದ ಅಂಗಾಂಶ ಹೊಂದಾಣಿಕೆಯನ್ನು ಇಲ್ಲಿ ನೋಡುವುದಿಲ್ಲ; ರಕ್ತದ ಗುಂಪೂ ಅಂಗದ ಗಾತ್ರವೂ ಹೊಂದಿದರೆ ಸಾಮಾನ್ಯವಾಗಿ ಸಾಕು. ದೇಹದ ಅಂಗಗಳಲ್ಲೆಲ್ಲ ಸಹನೆ ಹೆಚ್ಚಿರುವುದು ಯಕೃತ್ತಿಗೇ.

ಹಾಗಿದ್ದ ಮೇಲೆ ಒಂದು ಪ್ರಶ್ನೆ ಏಳಲೇಬೇಕು. ಇಷ್ಟು ಸಹನೆಯ ಅಂಗದಲ್ಲಿ ಇಪ್ಪತ್ತು ಮೂವತ್ತು ವರ್ಷ ಎಡೆಬಿಡದೆ ನಡೆಯುವ ಉರಿಯೂತ ಹೇಗೆ ನೆಲೆಯೂರುತ್ತದೆ? ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಮದ್ಯ, ಬೊಜ್ಜು, ಸಕ್ಕರೆ ಕಾಯಿಲೆ ಹೀಗೆ ಯಕೃತ್ತಿನ ದೀರ್ಘಕಾಲದ ರೋಗಗಳಿಗೆ ಕಾರಣಗಳು ಹಲವು. ವೈರಸ್ಸಿಗೂ ಮದ್ಯಕ್ಕೂ ಕೊಬ್ಬಿಗೂ ಯಾವ ನಂಟೂ ಇಲ್ಲ. ಆದರೂ ಎಲ್ಲವೂ ಕೊನೆಗೆ ತಲುಪುವುದು ಒಂದೇ ಕಡೆಗೆ: ಗಂಟುಗಂಟಾಗಿ ಗಟ್ಟಿಯಾದ, ಕುಗ್ಗಿದ ಯಕೃತ್ತಿಗೆ, ಅಂದರೆ ಸಿರೋಸಿಸ್‌ಗೆ. ಸ್ಟೆತಸ್ಕೋಪ್ ಕಂಡುಹಿಡಿದ ಫ್ರಾನ್ಸಿನ ರೆನೆ ಲೆನೆಕ್ ಈ ಸ್ಥಿತಿಗೆ 1819ರಲ್ಲಿ ಆ ಹೆಸರಿಟ್ಟ. ಬೇರೆಬೇರೆ ಕಡೆಯಿಂದ ಹೊರಟ ದಾರಿಗಳು ಒಂದೇ ಊರು ಸೇರುವುದು ಅವು ನಡುವೆ ಒಂದೇ ಜಾಗವನ್ನು ಹಾದುಬರುವುದರಿಂದ. ಆ ಜಾಗವೇ ಉರಿಯೂತ.

ಮೊದಲು ಸಹನೆಯ ವಿಷಯ. ವಯಸ್ಕರ ಯಕೃತ್ತು ಸುಮಾರು ಒಂದೂವರೆ ಕಿಲೋ ತೂಗುತ್ತದೆ, ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಅದರೊಳಗೆ ಹರಿಯುತ್ತದೆ. ಉಳಿದ ಅಂಗಗಳಿಗೆ ಹೃದಯದಿಂದ ನೇರವಾಗಿ ಬರುವ ಶುದ್ಧ ರಕ್ತವೇ ಆಧಾರ. ಯಕೃತ್ತಿಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಪೋರ್ಟಲ್ ರಕ್ತನಾಳದ ಮೂಲಕ ಕರುಳಿನಿಂದ ಬರುತ್ತದೆ. ಉಂಡ ಅನ್ನದ ಸಾರ, ನುಂಗಿದ ಔಷಧ, ಕುಡಿದ ಮದ್ಯ, ಅದರ ಜೊತೆಗೆ ಕರುಳಿನಲ್ಲಿ ವಾಸಿಸುವ ಕೋಟ್ಯಂತರ ಬ್ಯಾಕ್ಟೀರಿಯಾಗಳ ಚೂರುಪಾರು, ಎಲ್ಲವೂ ಮೊದಲು ಇಳಿಯುವುದು ಇಲ್ಲಿಗೆ. ಇದೇ ರಕ್ತ ಸ್ನಾಯುವಿಗೋ ಮಿದುಳಿಗೋ ಹೋಗಿದ್ದರೆ ನಿರೋಧಕ ಕೋಶಗಳು ಕೆರಳಿ ಎದ್ದಿರುತ್ತಿದ್ದವು. ಯಕೃತ್ತು ಊಟದ ಪ್ರತಿ ತುತ್ತಿಗೂ ಕೆರಳುತ್ತ ಕೂತರೆ ಬದುಕು ನಡೆಯದು. ಆದ್ದರಿಂದ ಅಲ್ಲಿ ನೆಲೆಸಿರುವ ನಿರೋಧಕ ಕೋಶಗಳು ಬಂದದ್ದನ್ನು ಸದ್ದಿಲ್ಲದೆ ನುಂಗಿ, ಇಂಟರ್‌ಲ್ಯೂಕಿನ್-10ರಂಥ ಶಮನಕಾರಿ ರಾಸಾಯನಿಕಗಳನ್ನು ಸ್ರವಿಸಿ, ಸುತ್ತಲಿನವನ್ನು ಸುಮ್ಮನಿರಿಸುತ್ತವೆ. ಈ ಸುಮ್ಮನಿರಿಸುವಿಕೆ ನಿಷ್ಕ್ರಿಯತೆಯಲ್ಲ, ಹಗಲೂ ರಾತ್ರಿ ನಡೆಯುವ ದುಡಿಮೆ. ಉರಿಯೂತವೆಂದರೆ ಈ ದುಡಿಮೆ ಕೈಸೋತ ಸ್ಥಿತಿ.

ಆ ಕೆಲಸ ಮಾಡುವವರಲ್ಲಿ ಮುಖ್ಯವಾದ ಒಂದು ಕೋಶಕ್ಕೂ, ಮುಂದೆ ಅನಾಹುತಕ್ಕೆ ಕೈ ಹಾಕುವ ಇನ್ನೊಂದು ಕೋಶಕ್ಕೂ ಹೆಸರು ಬಂದ ಕತೆ ಒಂದೇ. ಜರ್ಮನಿಯ ಅಂಗರಚನಾ ಶಾಸ್ತ್ರಜ್ಞ ಕಾರ್ಲ್ ವಿಲ್ಹೆಲ್ಮ್ ಫಾನ್ ಕುಪ್ಫರ್ 1876ರಲ್ಲಿ ಯಕೃತ್ತಿನ ತೆಳು ಸೀಳುಗಳಿಗೆ ಚಿನ್ನದ ಕ್ಲೋರೈಡ್ ಬಣ್ಣ ಹಾಕಿ ನೋಡುವಾಗ ಕಪ್ಪಗೆ ಹೊಳೆಯುವ, ನಕ್ಷತ್ರಾಕಾರದ ಕೋಶಗಳನ್ನು ಕಂಡರು. ‘ನಕ್ಷತ್ರ ಕೋಶ’ ಎಂದು ಹೆಸರಿಟ್ಟರು. ಮುಂದೆ ರಕ್ತದ ಕಸವನ್ನು ನುಂಗುವ ಕೋಶಗಳು ಯಕೃತ್ತಿನಲ್ಲಿ ಕಂಡಾಗ, ಅವೂ ಇವೂ ಒಂದೇ ಎಂದುಕೊಂಡರು. ಮುಕ್ಕಾಲು ಶತಮಾನ ವೈದ್ಯಲೋಕ ಅದನ್ನೇ ನಂಬಿತ್ತು. 1951ರಲ್ಲಿ ಜಪಾನಿನ ತೋಷಿಯೊ ಇತೊ ಕೊಬ್ಬಿನ ಹನಿ ತುಂಬಿದ ಕೋಶಗಳನ್ನು ವಿವರಿಸಿದರು. 1971ರಲ್ಲಿ ಕೆಂಜಿರೊ ವಾಕೆ ಈ ತೊಡಕನ್ನು ಬಿಡಿಸಿದರು: ಕುಪ್ಫರ್ ಮೊದಲು ಕಂಡ ನಕ್ಷತ್ರ ಕೋಶಗಳು ಇತೊ ಕಂಡ ಕೊಬ್ಬಿನ ಕೋಶಗಳೇ, ನುಂಗುವ ಕೋಶಗಳು ಬೇರೆ. ಆ ಹೊತ್ತಿಗೆ ‘ಕುಪ್ಫರ್ ಕೋಶ’ ಎಂಬ ಹೆಸರು ನುಂಗುವ ಕೋಶಗಳಿಗೇ ಅಂಟಿಬಿಟ್ಟಿತ್ತು, ಇಂದಿಗೂ ಹಾಗೆಯೇ ಉಳಿದಿದೆ.

ಕುಪ್ಫರ್ ಕೋಶಗಳು ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳ ಕುಲಕ್ಕೆ ಸೇರಿದವು. ಅಂಗಾಂಗಗಳಲ್ಲಿ ನೆಲೆನಿಂತ ಭಕ್ಷಕ ಕೋಶಗಳಲ್ಲಿ ಬಹುಪಾಲು ಇರುವುದು ಯಕೃತ್ತಿನಲ್ಲೇ. ಅವು ಭ್ರೂಣದ ದಿನಗಳಲ್ಲೇ ಯಕೃತ್ತನ್ನು ಸೇರಿ, ಅಲ್ಲೇ ತಮ್ಮ ಸಂಖ್ಯೆಯನ್ನು ಕಾಪಾಡಿಕೊಂಡು ಬರುತ್ತವೆ. ರಕ್ತ ಸಣ್ಣನಾಳಗಳಲ್ಲಿ ನಿಧಾನಕ್ಕೆ ಸಾಗುವಾಗ ಅದರಲ್ಲಿನ ಬ್ಯಾಕ್ಟೀರಿಯಾ, ಸವೆದ ಕೆಂಪು ರಕ್ತಕಣ, ವಿಷದ ತುಣುಕುಗಳನ್ನು ಹಿಡಿದು ನುಂಗುತ್ತವೆ. ನಕ್ಷತ್ರ ಕೋಶಗಳಾದರೋ ಅದೇ ನಾಳಗಳ ಹಿಂಬದಿಯಲ್ಲಿ ಮೌನವಾಗಿ ಕೂತಿರುತ್ತವೆ. ದೇಹದ ವಿಟಮಿನ್ ಎ ಸಂಗ್ರಹದ ಬಹುಪಾಲು ಅವುಗಳ ಕೊಬ್ಬಿನ ಹನಿಗಳಲ್ಲಿದೆ. ಒಂದು ಕಾವಲಿನ ಕೋಶ, ಇನ್ನೊಂದು ಕಣಜದ ಕೋಶ. ದೀರ್ಘಕಾಲದ ಯಕೃತ್ತಿನ ರೋಗವೆಂದರೆ ಬಹುಮಟ್ಟಿಗೆ ಈ ಎರಡು ಕೋಶಗಳು ತಮ್ಮ ಸ್ವಭಾವ ಬಿಟ್ಟುಕೊಟ್ಟ ಕತೆ.

ಉರಿಯೂತಕ್ಕೆ ನಾಲ್ಕು ಲಕ್ಷಣಗಳೆಂದು ರೋಮಿನ ಸೆಲ್ಸಸ್ ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿಟ್ಟ: ಕೆಂಪು, ಊತ, ಬಿಸಿ, ನೋವು. ಮುಳ್ಳು ಚುಚ್ಚಿದ ಬೆರಳಿನಲ್ಲಿ ನಾಲ್ಕೂ ಕಾಣುತ್ತವೆ. ಯಕೃತ್ತಿನಲ್ಲಿ ಹಾಗಲ್ಲ. ಅದರ ಒಡಲಿನಲ್ಲಿ ನೋವು ತಿಳಿಸುವ ನರಗಳಿಲ್ಲ; ಹೊರಗಿನ ತೆಳುಪೊರೆ ಹಿಗ್ಗಿದಾಗ ಮಾತ್ರ ಬಲಪಕ್ಕೆಯ ಕೆಳಗೆ ಭಾರವೆನಿಸಬಹುದು. ಜ್ವರವಿಲ್ಲ, ನೋವಿಲ್ಲ, ಕಣ್ಣು ಹಳದಿಯಾಗಿಲ್ಲ. ಆಯಾಸವೊಂದಿದ್ದರೂ ಅದಕ್ಕೆ ಬೇರೆ ಕಾರಣ ಹುಡುಕುತ್ತೇವೆ. ನಮ್ಮ ಜನ ಲಿವರ್ ಕಾಯಿಲೆಯೆಂದರೆ ಕಾಮಾಲೆ ಎಂದೇ ತಿಳಿಯುವುದು ಸಹಜ, ಏಕೆಂದರೆ ಕಣ್ಣಿಗೆ ಬೀಳುವುದು ಅದೊಂದೇ. ದೀರ್ಘಕಾಲದ ಉರಿಯೂತದಲ್ಲಿ ಕಾಮಾಲೆ ಬಹುತೇಕ ಕಟ್ಟಕಡೆಯಲ್ಲಿ ಬರುತ್ತದೆ. ಅಷ್ಟರಲ್ಲಿ ಎರಡು ಮೂರು ದಶಕಗಳು ಕಳೆದಿರುತ್ತವೆ.

ಹೆಪಟೈಟಿಸ್ ಬಿ ವೈರಸ್ಸಿನಷ್ಟು ಸ್ಪಷ್ಟವಾಗಿ ಈ ವಿಷಯವನ್ನು ಕಲಿಸಿಕೊಟ್ಟ ಗುರು ಇನ್ನೊಂದಿಲ್ಲ. ಅಮೆರಿಕದ ಬರೂಕ್ ಬ್ಲೂಂಬರ್ಗ್ 1960ರ ದಶಕದಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಕಂಡ ವಿಚಿತ್ರ ಪ್ರೋಟೀನೊಂದರ ಬೆನ್ನುಹತ್ತಿ ಈ ವೈರಸ್ಸನ್ನು ತಲುಪಿದರು. ಅವರಿಗೆ 1976ರಲ್ಲಿ ನೊಬೆಲ್ ಬಂತು. ಈ ವೈರಸ್ಸು ಯಕೃತ್ತಿನ ಕೋಶದೊಳಗೆ ಕೂತು ತನ್ನ ಪ್ರತಿಗಳನ್ನು ತಯಾರಿಸುತ್ತದೆ, ಆದರೆ ಕೋಶವನ್ನು ನೇರವಾಗಿ ಕೊಲ್ಲುವುದಿಲ್ಲ. ರಕ್ತದಲ್ಲಿ ವೈರಸ್ಸು ತುಂಬಿ ತುಳುಕುತ್ತಿದ್ದರೂ ಯಕೃತ್ತು ನುಣುಪಾಗಿಯೇ ಇರುವವರಿದ್ದಾರೆ. ತಾಯಿಯಿಂದ ಹೆರಿಗೆಯ ಹೊತ್ತಿಗೆ ಸೋಂಕು ತಗುಲಿದ ಮಕ್ಕಳಲ್ಲಿ ಸುಮಾರು ಶೇ. 90ರಷ್ಟು ಮಕ್ಕಳ ದೇಹದಲ್ಲಿ ವೈರಸ್ಸು ಖಾಯಂ ಆಗಿ ನೆಲೆಸುತ್ತದೆ. ಎಳೆಯ ನಿರೋಧಕ ವ್ಯವಸ್ಥೆ ಅದನ್ನು ಶತ್ರುವೆಂದು ಎಣಿಸುವುದೇ ಇಲ್ಲ. ವಯಸ್ಕರಿಗೆ ಸೋಂಕಾದಾಗ ಲೆಕ್ಕ ತಿರುಗಿ ನಿಲ್ಲುತ್ತದೆ. ಹಲವರಿಗೆ ಜೋರು ಕಾಮಾಲೆ ಬರುತ್ತದೆ, ಆದರೆ ಶೇ. 95ಕ್ಕಿಂತ ಹೆಚ್ಚು ಮಂದಿಯ ದೇಹ ವೈರಸ್ಸನ್ನು ಹತ್ತಿಕ್ಕಿಬಿಡುತ್ತದೆ. ಅಲ್ಲಿ ಕಾಮಾಲೆ ತಂದದ್ದು ವೈರಸ್ಸಲ್ಲ, ಸೋಂಕಿತ ಕೋಶಗಳನ್ನು ಹುಡುಕಿ ಕೊಂದ, ನಮ್ಮದೇ ನಿರೋಧಕ ವ್ಯವಸ್ಥೆಯ ಟಿ ಕೋಶಗಳು.

ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯ ಫ್ರಾಂಕ್ ಚಿಸಾರಿ ತಂಡ ಇದನ್ನು ಇಲಿಗಳಲ್ಲಿ ಎಳೆಎಳೆಯಾಗಿ ಬಿಡಿಸಿ ತೋರಿಸಿತು. ಹುಟ್ಟಿನಿಂದಲೇ ಯಕೃತ್ತಿನಲ್ಲಿ ವೈರಸ್ಸಿನ ಪ್ರೋಟೀನನ್ನು ತಯಾರಿಸುವ ಇಲಿಗಳನ್ನು ಅವರು ಬೆಳೆಸಿದರು. ಆ ಇಲಿಗಳ ನಿರೋಧಕ ವ್ಯವಸ್ಥೆ ಆ ಪ್ರೋಟೀನನ್ನು ತನ್ನದೆಂದೇ ತಿಳಿದಿತ್ತು. ಬಳಿಕ, ಆ ಪ್ರೋಟೀನಿನ ಮೇಲೆ ಎರಗುವಂತೆ ಪಳಗಿದ ಟಿ ಕೋಶಗಳನ್ನು ಹೊರಗಿನಿಂದ ಚುಚ್ಚಿದರು. ಹೆಪಟೈಟಿಸ್ ಭುಗಿಲೆದ್ದಿತು. 1996ರಲ್ಲಿ ಇದೇ ತಂಡ ಇನ್ನೊಂದು ಸಂಗತಿಯನ್ನು ಕಂಡಿತು: ಟಿ ಕೋಶಗಳು ಸ್ರವಿಸುವ ರಾಸಾಯನಿಕಗಳು ಯಕೃತ್ತಿನ ಕೋಶವನ್ನು ಕೊಲ್ಲದೆಯೇ ಅದರೊಳಗಿನ ವೈರಸ್ಸನ್ನು ತೊಡೆದುಹಾಕಬಲ್ಲವು. ಕೊಲ್ಲುವುದೂ ಗುಣಪಡಿಸುವುದೂ ಒಂದೇ ಕೋಶದ ಕೈಲಿದೆ ಎಂದಾಯಿತು. ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಗಾಬರಿ ಹುಟ್ಟಿಸುವುದು 1998ರ ಪ್ರಯೋಗ. ಟಿ ಕೋಶಗಳ ದಾಳಿ ಮಂದವಾಗಿ, ತಿಂಗಳುಗಟ್ಟಲೆ ಮುಂದುವರಿಯುವಂತೆ ಮಾಡಿದಾಗ ಆ ಇಲಿಗಳಿಗೆ ಯಕೃತ್ತಿನ ಕ್ಯಾನ್ಸರ್ ಬಂತು. ಅಲ್ಲಿ ಬೇರೆ ಯಾವ ವಿಷವೂ ಇರಲಿಲ್ಲ. ಕೋಶಗಳು ಸಾಯುವುದು, ಅವುಗಳ ಜಾಗ ತುಂಬಲು ಉಳಿದವು ಒಡೆಯುವುದು, ಮತ್ತೆ ಸಾಯುವುದು ಎಂಬ ನಿಲ್ಲದ ಸುತ್ತೇ ಸಾಕಾಗಿತ್ತು. ಉರಿಯೂತ ಜೋರಾಗಿ ಬಂದು ಮುಗಿದರೆ ವಯಸ್ಕ ಬದುಕುತ್ತಾನೆ. ಮೆಲ್ಲಗೆ ಬಂದು ಮುಗಿಯದೆ ಉಳಿದರೆ ಅದೇ ರೋಗವಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 2.98 ಕೋಟಿ ಜನ ಹೆಪಟೈಟಿಸ್ ಬಿ ಸೋಂಕನ್ನು ಹೊತ್ತಿದ್ದರು. ಇವರಲ್ಲಿ ಹೆಚ್ಚಿನವರಿಗೆ ಅದು ಗೊತ್ತೇ ಇಲ್ಲ. ಹುಟ್ಟಿದ ಇಪ್ಪತ್ತನಾಲ್ಕು ಗಂಟೆಯೊಳಗೆ ಮಗುವಿಗೆ ಲಸಿಕೆ ಕೊಡಬೇಕೆಂದು ವೈದ್ಯರು ಹಟ ಹಿಡಿಯುವುದು ಇದೇ ಕಾರಣಕ್ಕೆ. ಒಮ್ಮೆ ಎಳೆಯ ದೇಹ ವೈರಸ್ಸಿಗೆ ಹೊಂದಿಕೊಂಡಿತೆಂದರೆ, ಆ ಹೊಂದಾಣಿಕೆ ಮುಂದೆ ಯಾವ ವಯಸ್ಸಿನಲ್ಲಿ ಮುರಿದುಬಿದ್ದು ಉರಿಯೂತ ಶುರುವಾಗುತ್ತದೆಂದು ಹೇಳಲಾಗದು.

ಇಲ್ಲಿ ನೆಲನೆಲ್ಲಿಯ ಮಾತು ಬರದೆ ಇರುವುದಿಲ್ಲ. ಕಾಮಾಲೆಗೆ ನೆಲನೆಲ್ಲಿ ಅರೆದು ಹಾಲಿನಲ್ಲಿ ಕೊಡುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದೆ. ಬ್ಲೂಂಬರ್ಗ್ ಈ ಪುಟ್ಟ ಗಿಡದ ಬಗ್ಗೆ ನಿಜವಾದ ಆಸಕ್ತಿ ತಳೆದಿದ್ದರು. ಮದರಾಸಿನ ಎಸ್.ಪಿ. ತ್ಯಾಗರಾಜನ್ ಮತ್ತು ಸಂಗಡಿಗರ ಜೊತೆ ಸೇರಿ ಅವರು 1988ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಿಡದ ಪುಡಿ ಸೇವಿಸಿದ ಹೆಪಟೈಟಿಸ್ ಬಿ ವಾಹಕರಲ್ಲಿ ಶೇ. 59ರಷ್ಟು ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು. ಬೇರೆ ದೇಶಗಳಲ್ಲಿ ಆಮೇಲೆ ನಡೆದ ಪರೀಕ್ಷೆಗಳಲ್ಲಿ ಆ ಫಲ ಮತ್ತೆ ಸಿಗಲಿಲ್ಲ. ನೆಲನೆಲ್ಲಿಗೆ ಒಳ್ಳೆಯ ಹೆಸರು ಬರಲು ಇನ್ನೊಂದು ಕಾರಣವೂ ಇದೆ ಎಂದು ನನಗನಿಸುತ್ತದೆ. ನೀರಿನಿಂದ ಬರುವ ಹೆಪಟೈಟಿಸ್ ಎ ಕಾಮಾಲೆ ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ, ಉರಿಯೂತ ತನ್ನ ಕೆಲಸ ಮುಗಿಸಿ ಹಿಂದೆ ಸರಿಯುತ್ತದೆ. ಆ ನಡುವೆ ಏನು ಕೊಟ್ಟರೂ ಅದಕ್ಕೇ ಪುಣ್ಯ ಸಲ್ಲುತ್ತದೆ.

ವೈರಸ್ಸಿದ್ದಲ್ಲಿ ನಿರೋಧಕ ಕೋಶಗಳಿಗೆ ಎದುರಾಳಿ ಇರುತ್ತಾನೆ. ಯಕೃತ್ತಿನಲ್ಲಿ ಕೊಬ್ಬು ತುಂಬುವ ಫ್ಯಾಟಿ ಲಿವರ್‌ನಲ್ಲಿ ಯಾವ ಸೂಕ್ಷ್ಮಾಣುವೂ ಇಲ್ಲ, ಆದರೂ ಅದೇ ಉರಿಯೂತ. 1980ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಯೂರ್ಗೆನ್ ಲುಡ್ವಿಗ್ 20 ರೋಗಿಗಳ ಬಗ್ಗೆ ಬರೆದರು. ಅವರ ಯಕೃತ್ತಿನ ಚೂರನ್ನು ಸೂಕ್ಷ್ಮದರ್ಶಕದಲ್ಲಿಟ್ಟರೆ ಕುಡುಕರ ಯಕೃತ್ತಿನಂತೆಯೇ ಕಾಣುತ್ತಿತ್ತು, ಆದರೆ ಅವರು ಮದ್ಯಪಾನಿಗಳಾಗಿರಲಿಲ್ಲ. ಅವರಲ್ಲಿ ಹೆಚ್ಚಿನವರು ದಪ್ಪ ಮೈಯವರು. ‘ಕುಡಿಯುವುದಿಲ್ಲ’ ಎಂಬ ರೋಗಿಯ ಮಾತನ್ನು ವೈದ್ಯರು ನಂಬದೆ ಇದ್ದ ಕಾಲದಲ್ಲಿ ಆ ಬರಹ ಅಂಥವರಿಗೆ ನ್ಯಾಯ ಒದಗಿಸಿತು ಎಂದೇ ಹೇಳಬೇಕು.

ಕೊಬ್ಬು ತುಂಬಿದ ಯಕೃತ್ತೆಲ್ಲ ಉರಿಯುವುದಿಲ್ಲ. ಹೆಚ್ಚಿನವರಲ್ಲಿ ಕೊಬ್ಬು ಸುಮ್ಮನೆ ಕೂತಿರುತ್ತದೆ. ಕೆಲವರಲ್ಲಿ ಮಾತ್ರ ಅದು ಉರಿಯೂತಕ್ಕೆ ತಿರುಗುತ್ತದೆ. ಹನಿಯಾಗಿ ಶೇಖರಗೊಂಡ ಕೊಬ್ಬು ಅಷ್ಟೇನೂ ಕೇಡಿನದಲ್ಲ. ಶೇಖರಿಸುವ ಶಕ್ತಿ ಮೀರಿ ಒಳಬರುವ ಕೊಬ್ಬಿನಾಮ್ಲಗಳು ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳನ್ನು ದಣಿಸುತ್ತವೆ. ಕೋಶ ಊದಿಕೊಂಡು, ಒಡೆದು, ತನ್ನೊಳಗಿನ ಡಿಎನ್ಎ ಚೂರು, ಪ್ರೋಟೀನುಗಳನ್ನು ಹೊರಚೆಲ್ಲುತ್ತದೆ. ಕೋಶದ ಒಳಗೆ ಇರಬೇಕಾದದ್ದು ಹೊರಗೆ ಕಂಡರೆ ನಿರೋಧಕ ವ್ಯವಸ್ಥೆಗೆ ಅದೇ ಅಪಾಯದ ಸೂಚನೆ. ನಿರೋಧಕ ವ್ಯವಸ್ಥೆ ಪರಕೀಯತೆಗಿಂತ ಹೆಚ್ಚಾಗಿ ಹಾನಿಗೆ ಸ್ಪಂದಿಸುತ್ತದೆ ಎಂದು ವಿಜ್ಞಾನಿ ಪಾಲಿ ಮ್ಯಾಟ್ಸಿಂಗರ್ 1994ರಲ್ಲಿ ವಾದಿಸಿದಾಗ ಹಲವರು ಒಪ್ಪಿರಲಿಲ್ಲ. ಯಕೃತ್ತಿನ ಮಟ್ಟಿಗಂತೂ ಆ ವಾದಕ್ಕೆ ಬಲವಿದೆ.

ಇದಕ್ಕೆ ಕರುಳಿನ ಕಡೆಯಿಂದಲೂ ಕುಮ್ಮಕ್ಕು. ಬೊಜ್ಜು, ಮದ್ಯ ಎರಡೂ ಕರುಳಿನ ಒಳಪದರವನ್ನು ಸಡಿಲಿಸುತ್ತವೆ, ಬ್ಯಾಕ್ಟೀರಿಯಾಗಳ ಹೊರಕವಚದ ತುಣುಕುಗಳು ಹೆಚ್ಚು ಪ್ರಮಾಣದಲ್ಲಿ ಪೋರ್ಟಲ್ ರಕ್ತಕ್ಕೆ ಸೋರುತ್ತವೆ. ಆ ತುಣುಕನ್ನು ಗುರುತಿಸುವ ಟಿಎಲ್‌ಆರ್-4 ಎಂಬ ಗ್ರಾಹಕವನ್ನು 1998ರಲ್ಲಿ ಪತ್ತೆಹಚ್ಚಿದ ಬ್ರೂಸ್ ಬ್ಯೂಟ್ಲರ್ 2011ರ ನೊಬೆಲ್‌ನಲ್ಲಿ ಪಾಲು ಪಡೆದರು. ಕುಪ್ಫರ್ ಕೋಶಗಳ ಮೈಮೇಲೂ ಆ ಗ್ರಾಹಕವಿದೆ. ಬಗ್ಗಿ ನಡೆಯುತ್ತಿದ್ದ ಕಾವಲು ಕೋಶ ಈಗ ಟಿಎನ್ಎಫ್, ಇಂಟರ್‌ಲ್ಯೂಕಿನ್-1ರಂಥ ಸಂದೇಶಗಳನ್ನು ಸುರಿಯುತ್ತ ರಕ್ತದಿಂದ ನೆರವು ಕರೆಯುತ್ತದೆ. ಅಸ್ಥಿಮಜ್ಜೆಯಲ್ಲಿ ಹುಟ್ಟಿದ ಮಾನೊಸೈಟ್‌ಗಳು ಬಂದಿಳಿದು ಹೊಸ ಮ್ಯಾಕ್ರೋಫೇಜ್‌ಗಳಾಗುತ್ತವೆ. ರೋಗ ಮುಂದುವರಿದಂತೆ ಮೂಲನಿವಾಸಿ ಕುಪ್ಫರ್ ಕೋಶಗಳು ಸಾಯುತ್ತ ಹೋಗಿ, ಅವುಗಳ ಜಾಗದಲ್ಲಿ ಈ ಹೊಸಬರು ನೆಲೆಸುತ್ತಾರೆ ಎಂಬುದು ಕಳೆದ ಕೆಲವು ವರ್ಷಗಳ ಮುಖ್ಯ ತಿಳಿವಳಿಕೆ. ತಲೆಮಾರುಗಳಿಂದ ಕಲಿತ ಸಹನೆ ಹೊಸಬರಿಗಿಲ್ಲ. ಅವು ಬೇಗ ಕೆರಳುತ್ತವೆ.

ಮೈ ದಪ್ಪವಿಲ್ಲದಿದ್ದರೆ ಈ ರೋಗ ಬಾರದೆಂದು ತಿಳಿಯುವುದು ಬೇಡ. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಹಳ್ಳಿಗಳಲ್ಲಿ ನಡೆದ, 2010ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಶೇ. 8.7ರಷ್ಟು ಜನರಿಗೆ ಫ್ಯಾಟಿ ಲಿವರ್ ಇತ್ತು. ಅವರಲ್ಲಿ ಮುಕ್ಕಾಲು ಪಾಲು ಜನರ ದೇಹದ ತೂಕದ ಸೂಚ್ಯಂಕ 25ಕ್ಕಿಂತ ಕಡಿಮೆ. ಬಡವರು, ಹೊಲದಲ್ಲಿ ದುಡಿಯುವವರು. ಕೈಕಾಲು ಸಣ್ಣಗಿದ್ದರೂ ಹೊಟ್ಟೆಯೊಳಗೆ ಕೊಬ್ಬು ಕೂಡುವುದು ನಮ್ಮವರಲ್ಲಿ ಹೆಚ್ಚು.

ಇನ್ನು ನಕ್ಷತ್ರ ಕೋಶದ ಸರದಿ. ಕೆರಳಿದ ಮ್ಯಾಕ್ರೋಫೇಜ್‌ಗಳು ಟಿಜಿಎಫ್-ಬೀಟಾ ಎಂಬ ಸಂದೇಶವನ್ನು ಕಳಿಸಿದಾಗ ಅದು ತನ್ನ ವಿಟಮಿನ್ ಎ ಹನಿಗಳನ್ನು ಕಳೆದುಕೊಂಡು, ಉದ್ದಕ್ಕೆ ಚಾಚಿ, ಕೊಲಾಜನ್ ನಾರನ್ನು ನೇಯತೊಡಗುತ್ತದೆ. ಉದ್ದೇಶ ಒಳ್ಳೆಯದೇ. ಕೋಶಗಳು ಸತ್ತು ಬಿದ್ದ ತೆರವನ್ನು ತಾತ್ಕಾಲಿಕವಾಗಿ ಮುಚ್ಚಿ, ಯಕೃತ್ತು ಹೊಸ ಕೋಶ ಬೆಳೆಸಿಕೊಂಡ ಮೇಲೆ ನಾರನ್ನು ಕರಗಿಸುವುದು ಅದರ ರೀತಿ. ಹರಿದಲ್ಲಿ ತೇಪೆ ಹಾಕುವುದು ತಪ್ಪಲ್ಲ; ಹಾಕಿದ ತೇಪೆಯ ಮೇಲೆಯೇ ದಿನವೂ ಹೊಸ ತೇಪೆ ಬೀಳುತ್ತ ಹೋದರೆ ಕೊನೆಗೆ ಬಟ್ಟೆಯೇ ಉಳಿಯದೆ ಬರೀ ತೇಪೆ ಉಳಿಯುತ್ತದೆ. ನಾರಿನ ಪಟ್ಟಿಗಳು ಯಕೃತ್ತನ್ನು ಗಂಟುಗಳಾಗಿ ವಿಭಾಗಿಸುತ್ತವೆ, ರಕ್ತಕ್ಕೆ ದಾರಿ ಸಿಗದೆ ಪೋರ್ಟಲ್ ನಾಳದಲ್ಲಿ ಒತ್ತಡ ಏರುತ್ತದೆ, ಗುಲ್ಮ ಊದುತ್ತದೆ, ಅನ್ನನಾಳದ ಸುತ್ತ ರಕ್ತನಾಳಗಳು ಉಬ್ಬುತ್ತವೆ, ಹೊಟ್ಟೆಯಲ್ಲಿ ನೀರು ತುಂಬಿ ಜಲೋದರವಾಗುತ್ತದೆ.

ಹಾಗಾದರೆ ಮ್ಯಾಕ್ರೋಫೇಜ್‌ಗಳನ್ನೇ ತೆಗೆದುಹಾಕಿದರೆ? ಎಡಿನ್‌ಬರೊದಲ್ಲಿ ಜೆರೆಮಿ ಡಫೀಲ್ಡ್, ಜಾನ್ ಐರ್‌ಡೇಲ್ ಮತ್ತು ಸಂಗಡಿಗರು ಇದನ್ನೇ ಮಾಡಿ ನೋಡಿದರು. ಬೇಕೆಂದಾಗ ಮ್ಯಾಕ್ರೋಫೇಜ್‌ಗಳನ್ನು ಮಾತ್ರ ಕೊಲ್ಲಬಹುದಾದ ಇಲಿಗಳಿಗೆ ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ವಿಷ ಕೊಟ್ಟು ಯಕೃತ್ತಿನಲ್ಲಿ ಕಲೆ ಬೆಳೆಸಿದರು. ವಿಷ ಕೊಡುತ್ತಿರುವಾಗಲೇ ಮ್ಯಾಕ್ರೋಫೇಜ್‌ಗಳನ್ನು ತೆಗೆದರೆ ನಾರು ಕಡಿಮೆಯಾಯಿತು. ವಿಷ ನಿಲ್ಲಿಸಿ, ಯಕೃತ್ತು ಚೇತರಿಸಿಕೊಳ್ಳುತ್ತಿರುವಾಗ ತೆಗೆದರೆ ಫಲ ಬೇರೆಯಾಗಿತ್ತು: ನಾರು ಕರಗದೆ ಹಾಗೇ ಉಳಿಯಿತು. 2005ರಲ್ಲಿ ಪ್ರಕಟವಾದ ಈ ಒಂದು ಪ್ರಯೋಗ ಯಕೃತ್ತಿನ ಉರಿಯೂತವನ್ನು ನೋಡುವ ರೀತಿಯನ್ನೇ ಬದಲಿಸಿತು. ಕಲೆಯನ್ನು ಕಟ್ಟಿಸುವುದೂ ಮ್ಯಾಕ್ರೋಫೇಜ್, ಕೊಲಾಜನ್ನನ್ನು ಕತ್ತರಿಸುವ ಕಿಣ್ವ ಸುರಿದು ಅದನ್ನು ಕೆಡವುವುದೂ ಮ್ಯಾಕ್ರೋಫೇಜ್. ಕೆರಳಿ ಬಂದ ಮ್ಯಾಕ್ರೋಫೇಜ್‌ಗಳೇ ಸತ್ತ ಕೋಶಗಳ ಅವಶೇಷವನ್ನು ನುಂಗಿದ ಬಳಿಕ ದುರಸ್ತಿಯ ಕೆಲಸಕ್ಕೆ ಹೊರಳುತ್ತವೆ ಎಂದು ಅದೇ ಊರಿನ ವಿಜ್ಞಾನಿಗಳು 2012ರಲ್ಲಿ ತೋರಿಸಿದರು. ಉರಿಯೂತಕ್ಕೆ ಎರಡು ಭಾಗವಿದೆ, ಎರಡನೆಯದು ವಾಸಿಮಾಡುವ ಭಾಗ. ದೀರ್ಘಕಾಲದ ರೋಗದಲ್ಲಿ ದೇಹ ಮೊದಲ ಭಾಗದಲ್ಲೇ ಸಿಕ್ಕಿಕೊಂಡಿರುತ್ತದೆ, ಏಕೆಂದರೆ ಹಾನಿಯ ಮೂಲ ನಿಂತಿರುವುದಿಲ್ಲ.

ಉರಿಯೂತವನ್ನೇ ಅದುಮಿಬಿಡೋಣ ಎಂಬ ಪ್ರಯತ್ನಗಳು ಏಕೆ ಸೋತವು ಎಂಬುದಕ್ಕೆ ಇಲ್ಲಿ ಉತ್ತರವಿದೆ. ವಿಪರೀತ ಕುಡಿತದಿಂದ ಏಳುವ ಹೆಪಟೈಟಿಸ್‌ನಲ್ಲಿ ರಕ್ತದ ಬಿಳಿಕಣಗಳು ಯಕೃತ್ತಿಗೆ ಮುತ್ತಿಗೆ ಹಾಕಿರುತ್ತವೆ. ಟಿಎನ್ಎಫ್ ಮಟ್ಟ ಏರಿರುತ್ತದೆ ಎಂದು, ಅದನ್ನು ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಔಷಧವನ್ನು ಫ್ರಾನ್ಸಿನಲ್ಲಿ ಸ್ಟೀರಾಯ್ಡ್ ಜೊತೆ ಕೊಟ್ಟು ನೋಡಿದರು; ಸೋಂಕು ಮತ್ತು ಸಾವು ಹೆಚ್ಚಾದದ್ದರಿಂದ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಬ್ರಿಟನ್ನಿನ 65 ಆಸ್ಪತ್ರೆಗಳಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2015ರಲ್ಲಿ ಫಲಿತಾಂಶ ಕೊಟ್ಟ ಪರೀಕ್ಷೆಯಲ್ಲಿ, ಪ್ರೆಡ್ನಿಸೊಲೋನ್ ಸ್ಟೀರಾಯ್ಡ್ 28 ದಿನಗಳೊಳಗಿನ ಸಾವನ್ನು ಖಚಿತವಾಗಿ ತಗ್ಗಿಸಿದಂತೆ ಕಾಣಲಿಲ್ಲ. ತೀವ್ರ ಸೋಂಕುಗಳು ಮಾತ್ರ ಶೇ. 7ರಿಂದ ಶೇ. 13ಕ್ಕೆ ಏರಿದವು. ಮಾನೊಸೈಟ್‌ಗಳು ಯಕೃತ್ತಿಗೆ ಬರದಂತೆ ತಡೆಯುವ ಸೆನಿಕ್ರಿವಿರಾಕ್ ಎಂಬ ಮಾತ್ರೆಯೂ ಫ್ಯಾಟಿ ಲಿವರ್‌ನ ಮೂರನೇ ಹಂತದ ಪರೀಕ್ಷೆಯಲ್ಲಿ ಪ್ರಯೋಜನ ಕಾಣದೆ ನಿಂತಿತು.

ಸ್ಟೀರಾಯ್ಡ್ ಕೆಟ್ಟದ್ದೆಂದು ಇದರ ಅರ್ಥವಲ್ಲ. ಆಟೋಇಮ್ಯೂನ್ ಹೆಪಟೈಟಿಸ್‌ನಲ್ಲಿ ಹೊರಗಿನ ಶತ್ರುವಿಲ್ಲದೆಯೇ ಟಿ ಕೋಶಗಳು ಯಕೃತ್ತಿನ ಮೇಲೆ ತಿರುಗಿಬೀಳುತ್ತವೆ. ಅಲ್ಲಿ ಹಾನಿಯ ಮೂಲವೇ ನಿರೋಧಕ ವ್ಯವಸ್ಥೆ. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಶೀಲಾ ಶೆರ್ಲಾಕ್ ತಂಡ 1971ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಅದೇ ಪ್ರೆಡ್ನಿಸೊಲೋನ್ ಜೀವಗಳನ್ನು ಉಳಿಸಿತು. ಮದ್ಯದ ಯಕೃತ್ತಿನಲ್ಲಿ ಕೈಕೊಟ್ಟ ಔಷಧ ಇಲ್ಲಿ ಕೈಹಿಡಿಯಿತು.

ಈ ಮಾತಿಗೆ ನಮ್ಮ ಮನೆಯಂಗಳದ ಅಮೃತಬಳ್ಳಿಯೂ ಸೇರುತ್ತದೆ. ಕೋವಿಡ್ ಕಾಲದಲ್ಲಿ ನಿರೋಧಕ ಶಕ್ತಿ ಹೆಚ್ಚಲೆಂದು ಊರೆಲ್ಲ ಅದರ ಕಷಾಯ ಕುಡಿಯಿತು. 2021ರಲ್ಲಿ ಮುಂಬಯಿಯ ವೈದ್ಯರು, ಅಮೃತಬಳ್ಳಿ ಸೇವಿಸಿದ ಬಳಿಕ ಯಕೃತ್ತಿನ ಉರಿಯೂತಕ್ಕೊಳಗಾದ ಆರು ಮಂದಿಯ ಬಗ್ಗೆ ಬರೆದರು. ಅವರ ಯಕೃತ್ತಿನ ಚಿತ್ರ ಆಟೋಇಮ್ಯೂನ್ ಹೆಪಟೈಟಿಸ್ ಅನ್ನು ಹೋಲುತ್ತಿತ್ತು. ಮರುವರ್ಷ ದೇಶದ ಹಲವು ಆಸ್ಪತ್ರೆಗಳು ಸೇರಿ 43 ಮಂದಿಯ ವಿವರ ಪ್ರಕಟಿಸಿದವು. ಅದನ್ನೇ ಹೋಲುವ ಬೇರೆ ಬಳ್ಳಿ ಬಳಕೆಯಾಗಿರಬಹುದೆಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ಚರ್ಚೆ ಏನೇ ಇರಲಿ, ನಿರೋಧಕ ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದೆಂಬ ನಂಬಿಕೆ ಯಕೃತ್ತಿನ ಎದುರು ನಿಲ್ಲುವುದಿಲ್ಲ. ಥೈರಾಯ್ಡ್ ತೊಂದರೆಯಂಥ ಆಟೋಇಮ್ಯೂನ್ ರೋಗ ಈಗಾಗಲೇ ಇರುವವರು ಇಂಥ ಕಷಾಯಗಳನ್ನು ವೈದ್ಯರಿಗೆ ಹೇಳದೆ ತಿಂಗಳುಗಟ್ಟಲೆ ಕುಡಿಯುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ.

ಸಿರೋಸಿಸ್ ಆದ ಮೇಲೆ ನಿರೋಧಕ ವ್ಯವಸ್ಥೆ ಎರಡು ವಿಪರೀತಗಳನ್ನು ಒಟ್ಟಿಗೇ ಹೊರುತ್ತದೆ. ಇಡೀ ದೇಹದಲ್ಲಿ ಮಂದ ಉರಿಯೂತ ಹಬ್ಬಿರುತ್ತದೆ, ಆದರೆ ನಿಜವಾದ ಬ್ಯಾಕ್ಟೀರಿಯಾ ಬಂದಾಗ ಎದುರಿಸುವ ತ್ರಾಣ ಕೋಶಗಳಿಗಿರುವುದಿಲ್ಲ. ಜಲೋದರದ ನೀರಿಗೆ ಸೋಂಕು ತಗುಲುವುದು, ಒಂದು ಸಣ್ಣ ನ್ಯುಮೋನಿಯಾ ಮೂತ್ರಪಿಂಡ, ಮಿದುಳುಗಳನ್ನೆಲ್ಲ ಎಳೆದುಕೊಂಡು ಬೀಳುವುದು ಇದರಿಂದಲೇ. ದೀರ್ಘಕಾಲದ ರೋಗದ ಮೇಲೆ ಹಠಾತ್ತನೆ ಎರಗುವ ಯಕೃತ್ತಿನ ಈ ವೈಫಲ್ಯವನ್ನು ಖಚಿತವಾಗಿ ಗುರುತಿಸುವ ಕೆಲಸದಲ್ಲಿ ದೆಹಲಿಯ ಡಾ. ಶಿವಕುಮಾರ್ ಸರೀನ್ ಮತ್ತು ಏಷ್ಯಾದ ತಜ್ಞರ ಪಾತ್ರ ದೊಡ್ಡದು. 2013ರಲ್ಲಿ ಯುರೋಪಿನ ಅಧ್ಯಯನವೊಂದು ಇಂಥ ರೋಗಿಗಳಲ್ಲಿ ಬಿಳಿಕಣಗಳೂ ಉರಿಯೂತದ ಸೂಚಕಗಳೂ ಏರಿರುವುದನ್ನು ತೋರಿಸಿತು.

ಹಾಗಾದರೆ ಫಲಿಸಿದ್ದು ಯಾವುದು? ಹಾನಿಯ ಮೂಲವನ್ನು ತೆಗೆದು, ಉಳಿದದ್ದನ್ನು ದೇಹಕ್ಕೇ ಬಿಟ್ಟ ಚಿಕಿತ್ಸೆಗಳು. ಫ್ಯಾಟಿ ಲಿವರ್‌ನಲ್ಲಿ ದೇಹದ ತೂಕದ ಶೇ. 7ರಿಂದ 10ರಷ್ಟು ಇಳಿಸಿದವರಲ್ಲಿ ಹಲವರ ಉರಿಯೂತ ಆರುತ್ತದೆ, ಶೇ. 10ಕ್ಕಿಂತ ಹೆಚ್ಚು ಇಳಿಸಿದವರಲ್ಲಿ ಸಾಕಷ್ಟು ಮಂದಿಗೆ ನಾರೂ ಹಿಂಜರಿಯುತ್ತದೆ. 2024ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ರೆಸ್ಮೆಟಿರೋಮ್, ಮರುವರ್ಷ ಅನುಮತಿ ಪಡೆದ ಸೆಮಾಗ್ಲುಟೈಡ್ ಎರಡೂ ಮೂಲತಃ ಉರಿಯೂತದ ಔಷಧಗಳಲ್ಲ. ಒಂದು ಯಕೃತ್ತಿನಲ್ಲಿ ಕೊಬ್ಬು ಸುಡುವುದನ್ನು ಚುರುಕುಗೊಳಿಸುತ್ತದೆ, ಇನ್ನೊಂದು ಹಸಿವನ್ನೂ ತೂಕವನ್ನೂ ಇಳಿಸುತ್ತದೆ. ಕುಡಿತ ಬಿಟ್ಟವರ ಯಕೃತ್ತಿಗೆ ಬಿಟ್ಟದ್ದೇ ಔಷಧ. ರೋಗಿಯ ಸ್ವಂತ ಮಾನೊಸೈಟ್‌ಗಳನ್ನು ಹೊರತೆಗೆದು, ದುರಸ್ತಿ ಮಾಡುವ ಮ್ಯಾಕ್ರೋಫೇಜ್‌ಗಳನ್ನಾಗಿ ಬೆಳೆಸಿ ಮತ್ತೆ ರಕ್ತಕ್ಕೆ ಸೇರಿಸುವ ಪ್ರಯತ್ನವನ್ನು ಎಡಿನ್‌ಬರೊದ ಸ್ಟೂವರ್ಟ್ ಫೋರ್ಬ್ಸ್ ತಂಡ ಕೈಗೊಂಡಿದೆ. 2019ರಲ್ಲಿ ಸಿರೋಸಿಸ್ ಇದ್ದ ಒಂಬತ್ತು ಮಂದಿಯಲ್ಲಿ ಅದು ಸುರಕ್ಷಿತವೆಂದು ಕಂಡಿತು.

ಎಲ್ಲಕ್ಕಿಂತ ಸ್ಪಷ್ಟ ಪುರಾವೆ ಹೆಪಟೈಟಿಸ್ ಸಿ. 1989ರಲ್ಲಿ ಮೈಕೆಲ್ ಹೌಟನ್ ಮತ್ತು ಸಂಗಡಿಗರು ಕಂಡುಹಿಡಿದ ಈ ವೈರಸ್ಸಿಗೆ ಕಾಲು ಶತಮಾನದೊಳಗೆ ಮಾತ್ರೆ ಬಂತು. ಎಂಟರಿಂದ ಹನ್ನೆರಡು ವಾರ ನುಂಗಿದರೆ ಶೇ. 95ಕ್ಕಿಂತ ಹೆಚ್ಚು ಮಂದಿಯಲ್ಲಿ ವೈರಸ್ಸು ಪೂರ್ತಿ ಅಳಿಯುತ್ತದೆ. ಭಾರತದ ಕಂಪನಿಗಳು ಈ ಮಾತ್ರೆಗಳನ್ನು ಅಗ್ಗವಾಗಿ ತಯಾರಿಸಿದವು. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿಯೂ ಸಿಗುತ್ತವೆ. ವೈರಸ್ಸು ಹೋದ ಮೇಲೆ ಉರಿಯೂತ ಇಳಿಯುತ್ತದೆ, ಅನೇಕರಲ್ಲಿ ವರ್ಷಗಳ ಕಾಲಕ್ಕೆ ನಾರೂ ಕರಗುತ್ತದೆ. ಸಿರೋಸಿಸ್ ಮರಳಿ ಬಾರದ ದಾರಿ ಎಂದು ವೈದ್ಯರು ತಲೆಮಾರುಗಳ ಕಾಲ ನಂಬಿದ್ದರು. ಅದು ಪೂರ್ತಿ ನಿಜವಲ್ಲವೆಂದು ಈ ರೋಗಿಗಳ ಯಕೃತ್ತೇ ಸಾಬೀತುಪಡಿಸಿತು.

ಆದರೆ ವಾಸಿಯಾದವರಿಗೆ ಒಂದು ಎಚ್ಚರಿಕೆ ಹೇಳದಿದ್ದರೆ ತಪ್ಪಾಗುತ್ತದೆ. ಸಿರೋಸಿಸ್ ಹಂತ ತಲುಪಿದ ಮೇಲೆ ಚಿಕಿತ್ಸೆ ಪಡೆದವರಲ್ಲಿ, ವೈರಸ್ಸು ಇಲ್ಲದಿದ್ದರೂ ಕ್ಯಾನ್ಸರ್ ಅಪಾಯ ಕಡಿಮೆಯಾಗುತ್ತದೆಯೇ ಹೊರತು ಅಳಿಯುವುದಿಲ್ಲ. ದಶಕಗಳ ಉರಿಯೂತದಲ್ಲಿ ಒಡೆದು ಒಡೆದು ಬೆಳೆದ ಕೋಶಗಳ ಡಿಎನ್ಎಯಲ್ಲಿ ಆದ ಬದಲಾವಣೆಗಳು ಉಳಿದೇ ಇರುತ್ತವೆ. ರಕ್ತಪರೀಕ್ಷೆಯಲ್ಲಿ ಯಕೃತ್ತಿನ ಹಾನಿಯನ್ನು ಸೂಚಿಸುವ ಎಸ್‌ಜಿಪಿಟಿ ಸರಿಯಾಗಿದೆ, ಮೈಗೆ ಹುಷಾರಾಗಿದೆ ಎಂದು ಆಸ್ಪತ್ರೆಯ ದಾರಿ ಮರೆಯುವವರು ಬಹಳ. ಅಂಥವರು ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸುತ್ತಲೇ ಇರಬೇಕು.